ಪಕ್ಕದ ಮೇಜಿನವಳ ಡಿಕ್ಕಿಗಳು

ಅವಳ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ಅವಳನ್ನು ಮನಸಾರೆ ಮೆಚ್ಚಿದವರು, ಅವಳ ಹೆಸರು ಬಂದರೆ ಕಣ್ಣು ಒದ್ದೆ ಮಾಡಿಕೊಳ್ಳುವವರು ಮಣಿಪಾಲದ ನಮ್ಮ ಕಟ್ಟಡದಲ್ಲಿ ಮಹಡಿಗೊಬ್ಬರು ಸಿಗುತ್ತಾರೆ. ಆದರೂ ವಿಭಾಗದ ಮುಖ್ಯಸ್ಥರು, "ಮೇಡಂ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡುವ ಅಂತ ಉಂಟು. ಅವರು ಹೇಗಿದ್ದರು ಅಂತ ಯಾರು ಬರೀತೀರಿ?" ಎಂದು ಕೇಳಿದಾಗ, ಉಳಿದವರು ಗಂಟಲು ಸರಿಮಾಡಿಕೊಳ್ಳುವ ಮೊದಲೇ ನಾನು "ನಾನು ಬರೀತೇನೆ" ಎಂದುಬಿಟ್ಟೆ. ಎಲ್ಲರೂ ಅದನ್ನು ಪ್ರೀತಿ ಎಂದುಕೊಂಡರು. ನಿಜ ಏನೆಂದರೆ, ಬೇರೆ ಯಾರೋ ಅವಳನ್ನು ನನಗಿಂತ ಹತ್ತಿರದಿಂದ ಬಲ್ಲವರಂತೆ ಬರೆದದ್ದನ್ನು ಕೂತು ಓದುವುದು ನನ್ನಿಂದ ಆಗುತ್ತಿರಲಿಲ್ಲ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಸಣ್ಣ ಪುಟ್ಟದ್ದಲ್ಲ, ಸೇರಿದ ದಿನದಿಂದ ಅವಳು ಹೋಗುವವರೆಗೆ ಒಂದು ದಿನವೂ ರಜೆ ಹಾಕದೆ ಉರಿದ ಹೊಟ್ಟೆಕಿಚ್ಚು. ಅವಳು ತೀರಿಕೊಂಡ ಮೇಲಾದರೂ ಆರುತ್ತದೆಂದು ಕಾದೆ. ಆರಿಲ್ಲ. ಇಷ್ಟು ವರ್ಷ ಪಕ್ಕಪಕ್ಕದ ಮೇಜಿನಲ್ಲಿ ಕೂತು ಅವಳಿಂದ ನಾನು ತಿಳಿಯಬಯಸಿದ್ದು ಭೌತಶಾಸ್ತ್ರದ ಯಾವ ಗುಟ್ಟನ್ನೂ ಅಲ್ಲ. ಅವಳು ಒಂದೇ ಒಂದು ದಿನವಾದರೂ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳೇ ಎಂಬುದನ್ನು. ಪಟ್ಟಿದ್ದರೆ ನಾವಿಬ್ಬರೂ ಒಂದೇ ಪಂದ್ಯದಲ್ಲಿ ಓಡುತ್ತಿದ್ದೆವು ಎಂದಾಯಿತು. ಇಲ್ಲವಾದರೆ ನಾನೊಬ್ಬಳೇ ಏದುಸಿರು ಬಿಡುತ್ತಿದ್ದೆ ಎಂದಾಯಿತು.

ನಾವು ಮಾಡುತ್ತಿದ್ದ ಕೆಲಸ ಇಷ್ಟು. ಚಿನ್ನದ ಪರಮಾಣುವಿನ ನಡುವೆ ಒಂದು ಬೀಜ ಇರುತ್ತದೆ, ನ್ಯೂಕ್ಲಿಯಸ್. ಅಂಥ ಎರಡನ್ನು ಬೆಳಕಿನ ಹತ್ತಿರ ಹತ್ತಿರದ ವೇಗದಲ್ಲಿ ಒಂದಕ್ಕೊಂದು ಹೊಡೆಸಿದರೆ, ಹೇಳಲು ಪದವೂ ಇಲ್ಲದಷ್ಟು ಸಣ್ಣ ಹೊತ್ತು, ಒಳಗಿನ ದ್ರವ್ಯವೆಲ್ಲ ಒತ್ತಿ ಒತ್ತಿ ದಟ್ಟವಾಗುತ್ತದೆ. ಅಷ್ಟು ದಟ್ಟವಾದ ದ್ರವ್ಯ ಬೇರೆಲ್ಲಾದರೂ ಇದ್ದರೆ ಅದು ಸತ್ತ ನಕ್ಷತ್ರಗಳ ಹೊಟ್ಟೆಯಲ್ಲಿ. ಹೊಡೆಸುವ ಯಂತ್ರಗಳು ಪರದೇಶದಲ್ಲಿವೆ. ನಾವು ಮಣಿಪಾಲದಲ್ಲಿ ಕೂತು ಕಂಪ್ಯೂಟರಿನ ಒಳಗೆ ಹೊಡೆಸುತ್ತಿದ್ದೆವು. ಒಳಗಿನ ಪ್ರತಿಯೊಂದು ಕಣವೂ ಎಲ್ಲಿ ಹೋಯಿತು, ಯಾರಿಗೆ ತಾಗಿತು, ಎತ್ತ ಸಿಡಿಯಿತು ಎಂದು ಲೆಕ್ಕ ಹಾಕಿ, ಹಾಗೆ ಒತ್ತಿದ ದ್ರವ್ಯ ತಿರುಗಿ ಎಷ್ಟು ಜೋರಾಗಿ ಒತ್ತುತ್ತದೆ ಎಂದು ನೋಡುವುದು. ಅದು ಗಟ್ಟಿಯೆಂದು ನನ್ನ ವಾದ. ಮೆತ್ತಗೆಂದು ಅವಳದ್ದು. ಇಬ್ಬರೂ ಒಬ್ಬರೇ ಗೈಡ್ ಕೈಕೆಳಗೆ ಪಿಎಚ್‌ಡಿ ಮಾಡಿದವರು. ಅವರು ಬರೆದ ಒಂದು ಹಳೆಯ ಪ್ರೋಗ್ರಾಂ ಇಟ್ಟುಕೊಂಡು ಅವಳು ಅವಳ ದಾರಿಗೆ, ನಾನು ನನ್ನ ದಾರಿಗೆ ಬೆಳೆಸಿಕೊಂಡಿದ್ದೆವು.

ಅವಳು ಕಾರ್ಕಳದವಳು, ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಗಿಡ್ಡ, ದಪ್ಪ ಕನ್ನಡಕ, ಕುತ್ತಿಗೆಗೆ ಎಂದೂ ಸರಿಯಾಗಿ ನಿಲ್ಲದ ದುಪಟ್ಟಾ. ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿಟ್ಟು ಕಾಲು ಮಡಚಿ ಕುರ್ಚಿಯ ಮೇಲೆ ಕೂರುವಳು. ನಕ್ಕರೆ ಮೆಟ್ಟಿಲಿನವರೆಗೆ ಕೇಳುತ್ತಿತ್ತು. ಕಾರ್ಕಳದ ಬಸ್ಸು ಅವಳನ್ನು ನೇರ ಮಣಿಪಾಲದಲ್ಲಿ ಇಳಿಸುತ್ತಿತ್ತು, ಅದೂ ಕಿಟಕಿಯ ಪಕ್ಕದ ಸೀಟಿನಿಂದ. ನಾನು ಕಾಪುವಿನಿಂದ ನೇತಾಡಿಕೊಂಡು ಬಂದು, ಉಡುಪಿಯಲ್ಲಿ ಇಳಿದು, ಇನ್ನೊಂದರಲ್ಲಿ ಮತ್ತೆ ನೇತಾಡಿಕೊಂಡು ಮಣಿಪಾಲ ಹತ್ತಬೇಕು. ನಾನು ಬೆವರೊರೆಸಿಕೊಂಡು ಒಳಗೆ ಬರುವಾಗ ಅವಳು ಅರ್ಧ ನಿದ್ದೆ ಮುಗಿಸಿ ಹೂವಿನ ಹಾಗೆ ಕೂತಿರುತ್ತಿದ್ದಳು. ಬೆಳಗ್ಗೆ ಅಲ್ಲಿಂದಲೇ ಶುರು ನನ್ನ ಉರಿ.

ಅವಳ ಕೆಲಸದ ರೀತಿಯೇ ಬೇರೆ. ನಾವೆಲ್ಲ ಸಾವಿರಾರು ಡಿಕ್ಕಿಗಳನ್ನು ಒಟ್ಟಿಗೆ ಓಡಿಸಿ ಸರಾಸರಿ ತೆಗೆಯುತ್ತೇವೆ, ಒಂದು ಗೆರೆ ಎಳೆಯುತ್ತೇವೆ, ಚಾ ಕುಡಿಯಲು ಹೋಗುತ್ತೇವೆ. ಅವಳು ಸರಾಸರಿಗೆ ಕೈ ಹಾಕುವ ಮೊದಲು ಡಿಕ್ಕಿಗಳನ್ನು ಒಂದೊಂದಾಗಿ ಪರದೆಯ ಮೇಲೆ ಬಿಟ್ಟು ನೋಡುವಳು. ಕೆಂಪು ಚುಕ್ಕಿಗಳ ಒಂದು ಗುಂಪು, ನೀಲಿ ಚುಕ್ಕಿಗಳ ಇನ್ನೊಂದು, ಬಂದು ಬಡಿದು ಚೆಲ್ಲಾಪಿಲ್ಲಿಯಾಗುವುದನ್ನು ಯಕ್ಷಗಾನಕ್ಕೆ ಕೂತವರ ಶ್ರದ್ಧೆಯಿಂದ ನೋಡುವುದು. ಜೊತೆಗೆ ವೀಕ್ಷಕ ವಿವರಣೆ. "ನೋಡು, ನೋಡು, ಇವ ಭುಜ ತಾಗಿಸಿ ಹೋದ, ಎಂತ ಆಗಿಲ್ಲ ಅಂತ. ಇವ ನೇರ ಎದೆಗೇ ಬಂದ ಮಾರಾಯ್ತಿ. ಇನ್ನು ಉಳಿಯುವುದಿಲ್ಲ."

"ಹೀಗೆ ಒಂದೊಂದು ನೋಡಿ ನಿನಗೆ ಎಂತ ಸಿಗ್ತದೆ?" ಎಂದು ಒಮ್ಮೆ ಸಿಡುಕಿದೆ. "ಎಷ್ಟೆಂದರೂ ಕೊನೆಗೆ ಬೇಕಾದದ್ದು ಸರಾಸರಿ ಅಲ್ವಾ?"

"ಸರಾಸರಿ ಅಂದರೆ ಮದುವೆಯ ಗ್ರೂಪ್ ಫೋಟೋ," ಎಂದಳು ಪರದೆಯಿಂದ ಕಣ್ಣು ತೆಗೆಯದೆ. "ಯಾರು ಬಂದಿದ್ದರು ಗೊತ್ತಾಗ್ತದೆ. ಯಾರು ಯಾರತ್ರ ಮಾತು ಬಿಟ್ಟಿದ್ದಾರೆ ಅಂತ ಗೊತ್ತಾಗುವುದಿಲ್ಲ."

ಈ ಮಾತನ್ನು ಈಗ ನಮ್ಮ ವಿದ್ಯಾರ್ಥಿಗಳು ಸೆಮಿನಾರುಗಳಲ್ಲಿ ಹೇಳುತ್ತಾರೆ. ಅವಳು ಅದನ್ನು ಹೇಳಿದ್ದು ನನಗೆ, ನನ್ನ ಸಿಡುಕಿಗೆ ಉತ್ತರವಾಗಿ. ನಾನು ಕೇಳದಿದ್ದರೆ ಅವಳು ಹೇಳುತ್ತಲೇ ಇರಲಿಲ್ಲ. ಇದನ್ನು ಯಾರೂ ನೆನೆಯುವುದಿಲ್ಲ.

ಅದೃಷ್ಟವೂ ಅವಳ ಕಡೆಗೇ ವಾಲುತ್ತಿತ್ತು. ನಮ್ಮ ಕಡೆ ಮೇ ಕೊನೆಯ ಗುಡುಗು ಹೇಗೆಂದು ಎಲ್ಲರಿಗೂ ಗೊತ್ತು. ಒಂದು ಮಧ್ಯಾಹ್ನ ಮಿಂಚು ಬಡಿದು ಕಟ್ಟಡದ ಕರೆಂಟು ಹೋಯಿತು, ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು. ದಿನಗಟ್ಟಲೆ ಓಡುತ್ತಿದ್ದ ನನ್ನ ಲೆಕ್ಕ ನಡುವೆಯೇ ಸತ್ತಿತು. ಅವಳದ್ದು ಊಟದ ಹೊತ್ತಿಗಷ್ಟೇ ಮುಗಿದು ಕೂತಿತ್ತು. ನಾನು ಕತ್ತಲೆ ಕೋಣೆಯಲ್ಲಿ ತಲೆಗೆ ಕೈಹೊತ್ತು ಕೂತಿದ್ದರೆ ಅವಳು ಬಂದು ನನ್ನ ಮುಂದೆ ತನ್ನ ಡಬ್ಬಿ ತೆರೆದಿಟ್ಟು, "ತಿನ್ನು, ಹಸಿದುಕೊಂಡು ದುಃಖಪಡಬಾರದು" ಎಂದಳು. ಒಳಗೆ ಅವಳ ತಾಯಿ ಮಾಡಿದ ಸನ್ನಾ, ಕಳ್ಳು ಹಾಕಿ ಉಬ್ಬಿಸಿದ ಮೆತ್ತನೆಯ ಇಡ್ಲಿ. ನಾನು ತಿಂದೆ. ಬಹಳ ರುಚಿಯಾಗಿತ್ತು, ಅದಕ್ಕೂ ಕೋಪ ಬಂತು.

ನನ್ನ ಅತ್ತೆಯನ್ನೂ ಅವಳು ಬಿಡಲಿಲ್ಲ. ಒಮ್ಮೆ ಕಾಪುವಿನ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ, ಕರೆಯಬೇಕಾಗಿತ್ತು, ಕರೆದೆ. ಅತ್ತೆ ಮಾಡಿದ ಬಂಗುಡೆ ಪುಳಿಮುಂಚಿಯನ್ನು ಬೆರಳು ನೆಕ್ಕಿ ತಿಂದು, ತುಳುವಿನಲ್ಲಿ ಅದರ ಹುಳಿ ಖಾರದ ಲೆಕ್ಕ ಕೇಳಿ ತಿಳಿದುಕೊಂಡಳು. ನಾನು ಆ ಮನೆ ಸೇರಿದಂದಿನಿಂದ ತಿನ್ನುತ್ತಿದ್ದೇನೆ, ಎಂದೂ ಲೆಕ್ಕ ಕೇಳಿರಲಿಲ್ಲ. ಅವತ್ತಿನಿಂದ ಮೀನು ಒಳ್ಳೆಯದು ಸಿಕ್ಕಿದಾಗೆಲ್ಲ ಅತ್ತೆಗೆ ಅವಳದ್ದೇ ನೆನಪು. "ಆ ಕಾರ್ಕಳದ ಹುಡುಗಿಯನ್ನು ಕರೆದುಕೊಂಡು ಬಾ. ಬಾಯ್ತುಂಬಾ ಮಾತಾಡ್ತಾಳೆ, ನಿನ್ನ ಹಾಗಲ್ಲ" ಎನ್ನುವರು. ಗಂಡ ಪಕ್ಕದಲ್ಲಿ ಕೂತು ಪೇಪರಿನ ಹಿಂದೆ ನಗುವುದು.

ಹೇಳಬೇಕಾದ ಮುಖ್ಯ ಸಂಗತಿಗೆ ಈಗ ಬರುತ್ತೇನೆ.

ನಮ್ಮ ಕಸುಬಿನಲ್ಲಿ ಒಂದು ದೊಡ್ಡ ಪೇಚು ಉಂಟು. ಒಂದೇ ಡಿಕ್ಕಿಗೆ ಊರಿಗೊಂದು ಪ್ರೋಗ್ರಾಂ, ಪ್ರೋಗ್ರಾಮಿಗೊಂದು ಉತ್ತರ. ಹಾಗಾಗಿ ಒಮ್ಮೆ ಬೇರೆ ಬೇರೆ ದೇಶಗಳ ತಂಡಗಳು ಸೇರಿ ಒಂದು ಏರ್ಪಾಡು ಮಾಡಿದವು. ಎಲ್ಲರಿಗೂ ಒಂದೇ ಹೋಂವರ್ಕ್. ಕಣಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಬಿಡಿ, ಅವು ಒಂದಕ್ಕೊಂದು ಎಷ್ಟು ಸಲ ಡಿಕ್ಕಿ ಹೊಡೆಯುತ್ತವೆ ಎಂದು ಎಣಿಸಿ ಕಳಿಸಿ. ಸರಿಯಾದ ಉತ್ತರ ಕಾಗದದ ಮೇಲೆಯೇ ಲೆಕ್ಕ ಹಾಕಿ ಬರುವಂಥದ್ದು, ಹಾಗಾಗಿ ನೆಪ ಹೇಳುವಂತಿಲ್ಲ. ಒಮ್ಮೆ ಕಳಿಸಿದ ಉತ್ತರವನ್ನು ತಿದ್ದುವಂತಿಲ್ಲ. ಫಲಿತಾಂಶ ತೋರಿಸುವಾಗ ಹೆಸರಿಲ್ಲ, ಬರೀ ಚುಕ್ಕಿಗಳು. ಅವಳೂ ಸೇರಿದಳು, ನಾನೂ ಸೇರಿದೆ. ಕೊನೆಗೂ ಒಂದು ಅಳತೆಗೋಲು ಬಂತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಅವಳು ಎಂದಿನ ಹಾಗೆ ಬೇಗ ಮುಗಿಸಿ, ಒಂದೊಂದಾಗಿ ನೋಡುವುದನ್ನು ಈ ಸಲ ಆಮೇಲೆಗೆ ಇಟ್ಟು, ಕಳಿಸಿಬಿಟ್ಟಳು. ನನ್ನದು ಕಾಗದದ ಲೆಕ್ಕಕ್ಕೆ ಕೂಡಿಬರದೆ, ನಾನು ಎಂದಿನ ಹಾಗೆ ಮತ್ತೆ ಮತ್ತೆ ನೋಡುತ್ತಾ ಕೂತೆ.

ಕೊನೆಯ ದಿನಾಂಕಕ್ಕೆ ಮೊದಲಿನ ಭಾನುವಾರ. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಅಂಗಳದಲ್ಲಿ ಅತ್ತೆಯ ದೊಡ್ಡ ಸ್ವಾಗತ ಕೇಳಿತು. ನೋಡಿದರೆ ಇವಳು. ಕಾರ್ಕಳದಿಂದ ಪಡುಬಿದ್ರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಹೇಳದೆ ಕೇಳದೆ ಕಾಪುವಿಗೆ ಬಂದಿದ್ದಾಳೆ. ದುಪಟ್ಟಾ ಒಂದು ಕಡೆ, ಇವಳೊಂದು ಕಡೆ. ನೇರ ಅಡುಗೆಮನೆಗೆ ಬಂದು ಅಕ್ಕಿಡಬ್ಬಿಯ ಮೇಲೆ ಕೂತಳು.

"ನಿನ್ನದು ಕಳಿಸಿ ಆಯ್ತಾ?"

"ಇಲ್ಲ. ಯಾಕೆ?"

"ಬಚಾವು. ಕಳಿಸಬೇಡ. ತಪ್ಪುಂಟು."

ತುರಿಯುವುದನ್ನು ನಿಲ್ಲಿಸಿದೆ. "ನನ್ನದರಲ್ಲಿ ತಪ್ಪುಂಟು ಅಂತ ನಿನಗೆ ಹೇಗೆ ಗೊತ್ತು? ನೀನು ನೋಡಿದ್ದೀಯಾ?"

"ನಿನ್ನದು ನೋಡಲಿಲ್ಲ ಮಾರಾಯ್ತಿ. ನನ್ನದರಲ್ಲಿ ಉಂಟು. ಅದು ಗೈಡ್ ಸರ್‌ರಿಂದ ಬಂದದ್ದು. ಹಾಗಾದರೆ ನಿನ್ನದರಲ್ಲೂ ಇರಲೇಬೇಕಲ್ವಾ?"

ಒಲೆಯ ಕಟ್ಟೆಯ ಮೇಲಿದ್ದ ಎರಡು ಲೋಟಗಳನ್ನು ತೆಗೆದುಕೊಂಡಳು. ಒಂದಕ್ಕೊಂದು ಠಣ್ ಎಂದು ತಾಗಿಸಿದಳು. "ಇದು ಒಂದು ಡಿಕ್ಕಿ. ಸರಿಯಾ? ಈಗ ಇವು ದೂರ ಹೋಗಬೇಕು. ಆದರೆ ನಮ್ಮ ಪ್ರೋಗ್ರಾಮಿನ ಗಡಿಯಾರದ ಹೆಜ್ಜೆ ಸಣ್ಣದು. ಮುಂದಿನ ಹೆಜ್ಜೆಗೆ ನೋಡಿದರೆ ಇವು ಇನ್ನೂ ಹತ್ತಿರವೇ ಉಂಟು. ಪ್ರೋಗ್ರಾಂ ಎಂತ ಮಾಡ್ತದೆ? ಓಹೋ, ಹತ್ತಿರ ಉಂಟು, ಡಿಕ್ಕಿ ಅಂತ ಮತ್ತೆ ಹೊಡೆಸ್ತದೆ." ಠಣ್. "ಮತ್ತೆ." ಠಣ್. "ಬೇರೆ ಯಾರನ್ನೂ ಮುಟ್ಟುವುದಿಲ್ಲ. ಅದೇ ಎರಡು, ಅದೇ ಜಗಳ. ನಾವು ಅದನ್ನೆಲ್ಲ ಸೇರಿಸಿ ಎಣಿಸುತ್ತಾ ಇದ್ದೇವೆ, ಇಷ್ಟು ವರ್ಷ."

"ಹಾಗಾದರೆ ಎಂತ ಮಾಡುವುದು?"

"ಒಮ್ಮೆ ಹೊಡೆದುಕೊಂಡ ಜೋಡಿ, ಇಬ್ಬರಲ್ಲಿ ಒಬ್ಬರಾದರೂ ಮೂರನೆಯವರಿಗೆ ತಾಗುವವರೆಗೆ ತಿರುಗಿ ಹೊಡೆದುಕೊಳ್ಳಬಾರದು. ಅಷ್ಟೇ ಬರೆದರೆ ಸಾಕು. ನಾನು ನಿನ್ನೆ ಒಂದೊಂದೇ ಬಿಟ್ಟು ನೋಡುವಾಗ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ಎರಡು ಚುಕ್ಕಿ, ಲೋಕದ ಪರಿವೆ ಇಲ್ಲದೆ ಗುದ್ದಾಡಿಕೊಂಡು ಇದ್ದವು."

ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಹೇಳಿದ್ದು ಸರಿ ಎಂದು ಲೋಟದ ಎರಡನೆಯ ಸದ್ದಿಗೇ ನನಗೆ ಗೊತ್ತಾಗಿತ್ತು. ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದವಳು ನಾನು, ಸಿಕ್ಕಿದ್ದು ಅವಳಿಗೆ.

"ನಿನ್ನದು?" ಎಂದೆ.

"ನನ್ನದು ಹೋಗಿ ಆಯ್ತಲ್ಲ. ಇನ್ನು ತಿದ್ದಲಿಕ್ಕೆ ಬಿಡುವುದಿಲ್ಲ. ಬರೆದು ಕೇಳಿದೆ, ಆಗುವುದಿಲ್ಲ ಅಂದರು."

"ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಎರಡು ಬಸ್ಸು ಹಿಡಿದು ಬರಬೇಕಿತ್ತಾ?"

"ಫೋನಿನಲ್ಲಿ ನೀನು ವಾದ ಮಾಡ್ತಿ. ಎದುರಿಗೆ ಬಂದರೆ ಚಾ ಮಾಡ್ತಿ," ಎಂದಳು.

ಚಾ ಮಾಡಿದೆ. ಅತ್ತೆ ಊಟ ಮಾಡದೆ ಕಳಿಸಲಿಲ್ಲ. ಸಂಜೆ ಅವಳನ್ನು ಬಸ್ಸು ಹತ್ತಿಸಿ ಬಂದು, ಅವಳು ಹೇಳಿದ ನಿಯಮವನ್ನು ಬರೆದೆ, ಓಡಿಸಿದೆ. ನನ್ನ ಉತ್ತರ ಕಾಗದದ ಮೇಲಿನ ಉತ್ತರಕ್ಕೆ ಬಂದು ಕೂತಿತು. ಕಳಿಸಿದೆ.

ಫಲಿತಾಂಶದ ದಿನ ವಿಭಾಗದ ಹಾಲಿನಲ್ಲಿ ದೊಡ್ಡ ಪರದೆ. ಪರದೇಶದಿಂದ ಯಾರೋ ಮಾತಾಡುತ್ತಿದ್ದರು. ಚುಕ್ಕಿಗಳು ಬಂದವು. ಕೆಲವು ಗೆರೆಯ ಮೇಲೆ, ಕೆಲವು ಸ್ವಲ್ಪ ಆಚೆ ಈಚೆ. ಒಂದು ಮಾತ್ರ ಎಲ್ಲವನ್ನೂ ಬಿಟ್ಟು ಮೇಲೆ, ಗಾಳಿಪಟದ ಹಾಗೆ. ಹಾಲಿನಲ್ಲಿ ಸಣ್ಣ ನಗೆ ಎದ್ದಿತು. ಇವಳು ಕೈ ಎತ್ತಿ, "ಅದು ನಂದು! ಅದನ್ನು ನೋಡಿ ನಗುವವರು ನಗಬಹುದು, ತಪ್ಪು ಎಲ್ಲಿ ಅಂತ ಆಮೇಲೆ ಹೇಳ್ತೇನೆ" ಎಂದಳು. ಹೆಸರು ಹೇಳಬೇಕಾಗಿಯೇ ಇರಲಿಲ್ಲ. ಯಾರೂ ಕೇಳಿರಲಿಲ್ಲ.

ನನ್ನ ಚುಕ್ಕಿ ಗೆರೆಯ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ನನ್ನ ಉತ್ತರ ಎಷ್ಟೆಂದು ಮೊದಲೇ ಹೇಳಿಟ್ಟಿದ್ದರಿಂದ ಮುಖ್ಯಸ್ಥರು ನನ್ನ ಹೆಸರು ಹಿಡಿದು ಅಭಿನಂದಿಸಿದರು, ಚಪ್ಪಾಳೆ ಬಿತ್ತು. ಎಷ್ಟೋ ವರ್ಷ ಕಾದ ಗಳಿಗೆ, ಅವಳ ಎದುರಿನಲ್ಲೇ ಬಂದಿತ್ತು. ಅನುಭವಿಸಲು ಬಿಟ್ಟರೆ ತಾನೆ? ಆ ಚಪ್ಪಾಳೆಯನ್ನು ಹಾಗೇ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಎದ್ದು ನಿಂತು ಹೇಳಿದೆ. "ನನ್ನದೂ ಅಲ್ಲೇ ಮೇಲೆ ಇರಬೇಕಿತ್ತು. ಇವಳು ಭಾನುವಾರ ಮನೆಗೆ ಬಂದು ತಪ್ಪು ತೋರಿಸಿದ್ದರಿಂದ ಕೆಳಗೆ ಬಂತು."

ಏನಾಗಬೇಕೋ ಅದೇ ಆಯಿತು. ಹಾಲಿಗೆ ಹಾಲೇ ಅವಳ ಕಡೆ ತಿರುಗಿತು. ಮೊದಲಿಗಿಂತ ಜೋರು ಚಪ್ಪಾಳೆ. ಪರದೆಯಾಚೆಯ ದೊಡ್ಡವರು ಅವಳೊಡನೆ ಮಾತಿಗಿಳಿದರು, ಆ ಒಂದೊಂದೇ ಡಿಕ್ಕಿ ನೋಡುವ ಕ್ರಮದ ಬಗ್ಗೆ ಒಂದು ಉಪನ್ಯಾಸ ಕೊಡಿ ಎಂದರು. ಸರಿಯಾದ ಉತ್ತರ ಕೊಟ್ಟ ನಾನು ಮೂಲೆಯಲ್ಲಿ ಕೂತು ಗೇರುಬೀಜ ಜಗಿದೆ. ಸತ್ಯ ಹೇಳಿದ್ದು ನಾನು, ಹೆಸರು ಬಂದದ್ದು ಅವಳಿಗೆ. ಅವಳ ತಪ್ಪಿನ ಮೇಲೂ ಹೊಟ್ಟೆಕಿಚ್ಚುಪಡಬೇಕಾಗಿ ಬಂದ ಹೆಂಗಸು ನಾನೊಬ್ಬಳೇ ಇರಬೇಕು.

ಹೊರಗೆ ಬಂದಾಗ ಅವಳಿಗೇ ನನ್ನ ಮೇಲೆ ಸಿಟ್ಟು. "ಎಂತಕ್ಕೆ ಹೇಳಲಿಕ್ಕೆ ಹೋದದ್ದು? ಸುಮ್ಮನೆ ಕೂತಿದ್ದರೆ ಆಗ್ತಿತ್ತು. ಈಗ ನೋಡು, ಉಪನ್ಯಾಸ ಅಂತೆ. ನನಗೆ ನಿದ್ದೆ ಇಲ್ಲ ಇನ್ನು."

ಅಂದಿನಿಂದ ನಾನೊಂದು ವ್ರತ ಹಿಡಿದೆ. ಅವಳು ಬರೆದ ಪ್ರತಿಯೊಂದು ಲೇಖನವನ್ನೂ, ಅಚ್ಚಿಗೆ ಹೋಗುವ ಮೊದಲು, ಕೆಂಪು ಪೆನ್ನು ಹಿಡಿದು ಓದುವುದು. ತಪ್ಪು ಹುಡುಕುವುದು. ಅವಳು ನನಗೆ ಒಂದು ತಪ್ಪು ತೋರಿಸಿದ್ದಳಲ್ಲ, ಆ ಋಣ ನನಗೆ ಹೊರಲಾರದ ಭಾರವಾಗಿತ್ತು. ಅಕ್ಷರ ಅಕ್ಷರ ಓದಿದೆ. ಅವಳ ಸಮೀಕರಣಗಳನ್ನು ಹೊಸದಾಗಿ ನಾನೇ ಬಿಡಿಸಿ ನೋಡಿದೆ. ಸಿಗುತ್ತಿದ್ದವು. ಒಂದು ಕಡೆ ಚಿಹ್ನೆ ಹೆಚ್ಚುಕಡಿಮೆ, ಇನ್ನೊಂದು ಕಡೆ ದುಡುಕಿ ಹೇಳಿದ ತೀರ್ಮಾನ. ಸಿಕ್ಕಿದ ದಿನ ನನಗೆ ಊಟ ರುಚಿಸುತ್ತಿತ್ತು. ಕೆಂಪು ಮಾಡಿದ ಹಾಳೆಗಳನ್ನು ಅವಳ ಮೇಜಿನ ಮೇಲೆ ಇಟ್ಟು ಮುಖ ನೋಡುತ್ತಾ ನಿಲ್ಲುವೆ. ಅವಳು ಕನ್ನಡಕ ಮೇಲೆತ್ತಿ ಓದಿ, "ಅಬ್ಬಾ, ಇದು ಹೋಗಿದ್ದರೆ ಮಾನ ಹೋಗ್ತಿತ್ತು" ಎಂದು ತಿದ್ದಿಕೊಳ್ಳುವಳು. ಮುಖ ಬಾಡಿದ್ದು ಒಮ್ಮೆಯೂ ನೋಡಲಿಲ್ಲ. ಮುಂದಿನ ಲೇಖನ ಮುಗಿದ ಕೂಡಲೇ ತಾನಾಗಿಯೇ ತಂದು ನನ್ನ ಕೀಬೋರ್ಡಿನ ಮೇಲೆ ಇಡುವಳು. "ಓದು. ಚೂರೂ ದಾಕ್ಷಿಣ್ಯ ಬೇಡ."

ದಾಕ್ಷಿಣ್ಯ ನನಗೆ ಇರಲೂ ಇಲ್ಲ.

ಹೋದ ವರ್ಷ ಒಂದು ಸಂಜೆ ಇಬ್ಬರೂ ಉಡುಪಿಗೆ ಬಂದಿದ್ದೆವು. ಅವಳಿಗೆ ತಮ್ಮನ ಮಗಳಿಗೆ ಬಟ್ಟೆ ತೆಗೆಯಬೇಕಿತ್ತು. ಅಂಗಡಿಯವನೂ ಅವಳಿಗೇ ಹೆಚ್ಚು ರಿಯಾಯಿತಿ ಕೊಟ್ಟ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಬ್ಬಿನ ಹಾಲು ಕುಡಿಯುವಾಗ ನನಗೆ ಇನ್ನು ತಡೆಯಲಾಗಲಿಲ್ಲ. ಕೇಳಿಯೇಬಿಟ್ಟೆ.

"ನಿಜ ಹೇಳು. ನಿನಗೆ ಯಾವತ್ತಾದರೂ ನನ್ನ ಮೇಲೆ ಹೊಟ್ಟೆಕಿಚ್ಚು ಆದದ್ದುಂಟಾ?"

ಅವಳು ನಗುತ್ತಾಳೆಂದು ಕಾದೆ. ನಗಲಿಲ್ಲ. ಲೋಟ ಕೆಳಗಿಳಿಸಿ, ಲೆಕ್ಕ ಬಿಡಿಸುವಾಗ ಮಾಡುತ್ತಿದ್ದ ಹಾಗೆ ಕೆಳತುಟಿ ಎಳೆದುಕೊಂಡು, ನನ್ನನ್ನೇ ನೋಡಿದಳು. ಅಷ್ಟರಲ್ಲಿ ಕಾರ್ಕಳದ ಬಸ್ಸು ಬಂತು. ಕಂಡಕ್ಟರ್ "ಪರ್ಕಳ, ಹಿರಿಯಡ್ಕ, ಕಾರ್ಕಳ" ಎಂದು ಕೂಗುತ್ತಾ ಅವಳನ್ನು ಗುರುತು ಹಿಡಿದು ಸೀಟು ತೋರಿಸಿದ.

"ಅದು ಸುಮ್ಮನೆ ಹೇಳುವ ವಿಷಯ ಅಲ್ಲ, ಯೋಚಿಸಬೇಕು. ಸೋಮವಾರ ಹೇಳ್ತೇನೆ," ಎಂದು ಹತ್ತಿದಳು.

ಸೋಮವಾರ ಬಂದಳು. ಅವಳಿಗೆ ಮರೆತುಹೋಗಿತ್ತು. ನೆನಪಿಸಲು ನನ್ನ ಮರ್ಯಾದೆ ಬಿಡಲಿಲ್ಲ. ಹಾಗೇ ಪರೀಕ್ಷೆಗಳು ಬಂದವು, ರಜೆ ಬಂತು. ರಜೆಯಲ್ಲಿ ಒಂದು ಬೆಳಗ್ಗೆ ಎದೆನೋವೆಂದು ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದರಂತೆ, ದಾರಿಯಲ್ಲೇ ಮುಗಿಯಿತು. ನನಗೆ ಸುದ್ದಿ ತಿಳಿದದ್ದು ವಿಭಾಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಎಲ್ಲರ ಜೊತೆಗೆ. ಯಾರೂ ನನಗೆ ಬೇರೆಯಾಗಿ ಫೋನು ಮಾಡಿ ಹೇಳಲಿಲ್ಲ. ಅದೂ ಚುಚ್ಚಿತು.

ಶ್ರದ್ಧಾಂಜಲಿ ಸಭೆ ಇಟ್ಟರು. ಫಲಿತಾಂಶ ತೋರಿಸಿದ ಅದೇ ಹಾಲಿನಲ್ಲಿ. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಕಂಪ್ಯೂಟರ್ ನೋಡಿಕೊಳ್ಳುವ ಸಂತೆಕಟ್ಟೆಯ ಹುಡುಗ ಮೈಕಿನ ಮುಂದೆ ನಿಂತು, "ನಾನು ಒಮ್ಮೆ ಒಂದು ಸೆಟ್ಟಿಂಗ್ ತಪ್ಪು ಮಾಡಿದ್ದೆ. ಮೇಡಂ ಸಂತೆಕಟ್ಟೆಗೆ ನಮ್ಮ ಮನೆಗೇ ಬಂದು ಹೇಳಿ ಹೋದರು, ನಮ್ಮ ಅಮ್ಮನ ಕೈಯ ಚಾ ಕುಡಿದರು" ಎಂದ. ಆಮೇಲೆ ಇನ್ನೊಬ್ಬಳು, ನಮ್ಮಲ್ಲಿ ಪಿಎಚ್‌ಡಿ ಮಾಡಿದವಳು, ಎಲ್ಲೂರಿನ ತನ್ನ ಮನೆಗೆ ಅವಳು ಬಂದದ್ದನ್ನು ಹೇಳಿ ಬಿಕ್ಕಿದಳು. ಕಾಪುವಿನ ಆ ಭಾನುವಾರ ನನ್ನೊಬ್ಬಳದ್ದೆಂದುಕೊಂಡಿದ್ದೆ. ಅವಳು ಜಿಲ್ಲೆಯ ಅರ್ಧ ಜನರ ತಪ್ಪನ್ನು ಬಸ್ಸು ಹಿಡಿದು ಹೋಗಿ ತಿದ್ದಿದ್ದಾಳೆ, ಅರ್ಧ ಜನರ ಚಾ ಕುಡಿದಿದ್ದಾಳೆ. ಆ ಹುಡುಗನ ಮೇಲೆ, ಬಿಕ್ಕುತ್ತಿದ್ದ ಆ ಹುಡುಗಿಯ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ನನ್ನ ಸರದಿ ಬಂದಾಗ ಎರಡು ಮಾತಾಡಿ ಕೂತುಬಿಟ್ಟೆ. ಇಷ್ಟು ವರ್ಷ ನಾನು ಉರಿದದ್ದು ಅವಳ ಮೇಲೆ. ಅಂದು ಉರಿದದ್ದು ಅವಳ ಸುತ್ತ ಇದ್ದ ಎಲ್ಲರ ಮೇಲೆ.

ಅವಳು ತೀರಿಕೊಂಡು ತಿಂಗಳಾದಾಗ ಇಟ್ಟ ಪೂಜೆಗೆ ಕಾರ್ಕಳಕ್ಕೆ ಹೋದೆ. ಇಗರ್ಜಿಯಿಂದ ಎಲ್ಲರೂ ಮನೆಗೆ ಬಂದು, ಊಟ ಮುಗಿದು, ಜನ ಕರಗಿದ ಮೇಲೆ ಅವಳ ತಮ್ಮ ನನ್ನ ಹತ್ತಿರ ಕುರ್ಚಿ ಎಳೆದುಕೊಂಡು ಕೂತ. ಕುವೈತಿನಲ್ಲಿ ಕೆಲಸ ಮಾಡಿ ಬಂದವ. ಒಳಗೊಂದು ಹೊರಗೊಂದು ಇಲ್ಲದ ಮಾತು.

"ನೀವು ಕಾಪುವಿನ ಮೇಡಂ ಅಲ್ವಾ? ಅಕ್ಕ ನಿಮ್ಮದು ತುಂಬಾ ಹೇಳ್ತಿದ್ದಳು."

ನಾನು ಬೇರೆ ಏನೂ ಕೇಳಲು ಹೋಗಲಿಲ್ಲ. ಇನ್ನು ಸೋಮವಾರ ಬರುವುದಿಲ್ಲ ಎಂದು ಗೊತ್ತಿತ್ತು.

"ಒಂದು ವಿಷಯ ಕೇಳ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವಳಿಗೆ ನನ್ನ ಮೇಲೆ ಸ್ವಲ್ಪವಾದರೂ ಹೊಟ್ಟೆಕಿಚ್ಚು ಇತ್ತಾ?"

"ಅಕ್ಕನಿಗಾ? ನಿಮ್ಮ ಮೇಲಾ?" ಅವನು ನಿಜವಾಗಿಯೂ ಯೋಚಿಸಿದ. "ಇಲ್ಲಪ್ಪ. ಹಾಗೆ ಎಂತ ಇರಲಿಲ್ಲ. ಇದ್ದದ್ದು ನಿಮಗೆ ಅಲ್ವಾ?"

ನನ್ನ ಮುಖ ನೋಡಿ ಅವನಿಗೆ ಗಾಬರಿಯಾಗಿರಬೇಕು. ಗಡಿಬಿಡಿಯಲ್ಲಿ ಮುಂದುವರಿಸಿದ. "ಅಕ್ಕ ಬೈದು ಹೇಳಿದ್ದಲ್ಲ ಮೇಡಂ. ಅವಳಿಗೆ ಅದರಿಂದ ಖುಷಿ. ಯಾವಾಗಲೂ ಹೇಳುವುದು, 'ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಉಂಟು, ಹಾಗಾಗಿ ನಾನು ಬರೆದದ್ದನ್ನು ಅವಳೊಬ್ಬಳು ಕೊನೆಯ ಸಾಲಿನವರೆಗೆ ಓದುತ್ತಾಳೆ. ಉಳಿದವರೆಲ್ಲ ಚೆನ್ನಾಗಿದೆ ಅಂತ ಹೇಳಿ ಮಡಚಿಡುವುದು. ಅವಳ ಹೊಟ್ಟೆಕಿಚ್ಚು ಇರುವವರೆಗೆ ನನಗೆ ಧೈರ್ಯ' ಅಂತ."

ಇಷ್ಟು ವರ್ಷ ಬಚ್ಚಿಟ್ಟುಕೊಂಡೆ ಎಂದುಕೊಂಡದ್ದನ್ನು ಅವಳು ಮನೆಯವರಿಗೆಲ್ಲ ಹೇಳಿ, ನೆಚ್ಚಿಕೊಂಡು ಕೂತಿದ್ದಳು. ಆ ಪಂದ್ಯದಲ್ಲಿ ನನ್ನ ಜೊತೆ ಅವಳು ಓಡಿಯೇ ಇರಲಿಲ್ಲ.

"ಹೋಗುವ ಮೊದಲು ಒಂದು ಬರೆದು ಮುಗಿಸಿದ್ದಳು," ಎಂದ ಅವನು. "ನಿಮಗೆ ಕಳಿಸಿದ್ದೇನೆ ಅಂತ ಹೇಳಿದ್ದಳು. ಓದಿದಿರಾ?"

ಓದಿರಲಿಲ್ಲ. ರಜೆಯಲ್ಲಿ ಬಂದ ಅವಳ ಮೇಲ್ ನನ್ನ ಪೆಟ್ಟಿಗೆಯಲ್ಲಿ ತೆರೆಯದೆ ಬಿದ್ದಿತ್ತು. ಮೊದಲು, ರಜೆಯಲ್ಲೂ ಇವಳಿಗೆ ಲೇಖನವೇ ಎಂದು ಸಿಟ್ಟಿನಿಂದ ತೆರೆಯಲಿಲ್ಲ. ಆಮೇಲೆ ತೆರೆಯಲು ಆಗಲಿಲ್ಲ.

ಮಾರನೆಯ ದಿನ ಕಾಪುವಿನ ಮನೆಯಲ್ಲಿ ಊಟದ ಮೇಜಿನ ಮೇಲೆ ಅದನ್ನು ಅಚ್ಚು ಹಾಕಿ ಹರಡಿಕೊಂಡೆ. ಒತ್ತಿದ ದ್ರವ್ಯ ಎಲ್ಲಿಯವರೆಗೆ ಮೆತ್ತಗಿರುತ್ತದೆ ಎಂಬ ಅವಳ ಹಳೆಯ ವಾದವೇ, ಆದರೆ ಎಷ್ಟೋ ಆಳಕ್ಕೆ ಹೋಗಿ ಕಟ್ಟಿದ್ದಳು. ಕೆಂಪು ಪೆನ್ನಿನ ಮುಚ್ಚಳ ತೆಗೆದು ಕೂತೆ. ಮೊದಲ ಪುಟದಿಂದ ಒಂದೊಂದು ಸಾಲನ್ನೂ ಜಾಲಾಡಿದೆ. ಸಮೀಕರಣಗಳನ್ನು ನಾನೇ ಬಿಡಿಸಿದೆ, ಅವಳದ್ದಕ್ಕೆ ಸರಿಬಂದವು. ದುಡುಕಿ ಹೇಳಿದ ತೀರ್ಮಾನ ಇರಬೇಕೆಂದು ಕೊನೆಗೆ ಹೋಗಿ ನೋಡಿದೆ. ಎಷ್ಟು ಹೇಳಬಹುದೋ ಅಷ್ಟೇ ಹೇಳಿದ್ದಳು. ಮತ್ತೆ ಮೊದಲಿನಿಂದ ಓದಿದೆ. ನನ್ನ ವಾದ ಎಲ್ಲಿ ಸೋಲುತ್ತದೆ ಎಂದು ಅವಳು ತೋರಿಸಿದ ಜಾಗದಲ್ಲಿ ಬಹಳ ಹೊತ್ತು ನಿಂತೆ. ಅಲ್ಲಿಯೂ ಬೆರಳಿಡಲು ಜಾಗವಿರಲಿಲ್ಲ. ಇಷ್ಟು ಚಂದ ನಾನು ಯಾವ ಜನ್ಮದಲ್ಲಿ ಬರೆದೇನು ಎಂದು ಹೊಟ್ಟೆ ಹಳೆಯ ಹಾಗೆಯೇ ಉರಿಯಿತು. "ಹಾಳಾದವಳು" ಎಂದು ಗಟ್ಟಿಯಾಗಿಯೇ ಬೈದೆ. ಬೈದ ಮೇಲೆ ಅಳು ಬಂತು. ಅಂತ್ಯಕ್ರಿಯೆಯ ದಿನ ಬಾರದ ಅಳು, ಸಭೆಯಲ್ಲಿ ಎಲ್ಲರೂ ಅಳುವಾಗ ಬಾರದ ಅಳು.

ಗಂಡ ಒಳಗಿನಿಂದ ಓಡಿ ಬಂದರು. "ಎಂತಾಯ್ತು? ಯಾಕೆ ಅಳ್ತಿದ್ದಿ?"

ಹಾಳೆಗಳನ್ನು ಅವರ ಮುಂದೆ ತಳ್ಳಿದೆ.

"ನೋಡಿ," ಎಂದೆ. "ಒಂದೂ ತಪ್ಪಿಲ್ಲ."